ಕೈಗೆ ಹೇಳಿದರೂ ಕೈ ಕೇಳದಾದಾಗ

ಪ್ರಾತಃಕಾಲ ಸ್ನಾನ ಮುಗಿಸಿ ಇಷ್ಟಲಿಂಗಪೂಜೆಗೆ ಕುಳಿತ ಭಕ್ತನೊಬ್ಬನನ್ನು ಗಮನವಿಟ್ಟು ನೋಡಿರಿ. ಅವನ ಎಡ ಅಂಗೈ ಎದೆಯ ಮಟ್ಟದಲ್ಲಿ ನಿಶ್ಚಲವಾಗಿ ನಿಂತಿರುತ್ತದೆ. ಬಲಗೈ ಮಾತ್ರ ದುಡಿಯುತ್ತಿರುತ್ತದೆ. ಅದು ಮೂರು ಬೆರಳುಗಳಿಂದ ವಿಭೂತಿಯನ್ನು ಧರಿಸುತ್ತದೆ, ತಂಬಿಗೆಯಿಂದ ನೀರನ್ನು ಹನಿಸುತ್ತದೆ, ಹರಿವಾಣದೊಳಗಿನ ಒಂದೇ ಒಂದು ಬಿಲ್ವದಳವನ್ನು ಹರಿಯದಂತೆ ಎತ್ತಿ ಏರಿಸುತ್ತದೆ. ಒಂದು ಕೈಗೆ ನಿಲ್ಲುವ ಕೆಲಸ, ಇನ್ನೊಂದಕ್ಕೆ ನಡೆಯುವ ಕೆಲಸ. ಎರಡೂ ಏಕಕಾಲಕ್ಕೆ ಸಾಗುತ್ತವೆ. ಮನಸ್ಸು ಇಚ್ಛಿಸಿತು, ಕೈ ನಡೆಯಿತು ಎಂಬಷ್ಟನ್ನೇ ನಾವು ಬಲ್ಲೆವು. ಇವೆರಡರ ನಡುವಿನ ದಾರಿ ಯಾವುದು ಎಂಬುದನ್ನು ಮಠದಲ್ಲಿ ಓದಿ ಬೆಳೆದ ನಾನು ಅರವತ್ತು ವರ್ಷ ದಾಟುವವರೆಗೂ ವಿಚಾರಿಸಿರಲಿಲ್ಲ. ವಿಚಾರಿಸುವಂತೆ ಮಾಡಿದುದು ಒಂದು ಮುಂಜಾನೆಯ ಘಟನೆ. ಅದರಲ್ಲಿ ನನ್ನದೂ ಒಂದು ತಪ್ಪಿದೆ. ಆದುದರಿಂದ ಅದನ್ನು ಮರೆಮಾಚದೆ ಮೊದಲು ನಿವೇದಿಸಿ, ಆಮೇಲೆ ವಿಷಯಕ್ಕೆ ಬರುತ್ತೇನೆ.

ಆರ್.ಎಚ್. ಕ್ಯಾಂಪಿನ ದಾರಿಯ ಮನೆ

ಸಿಂಧನೂರು ಸೀಮೆಯವರಿಗೆ ಆರ್.ಎಚ್. ಕ್ಯಾಂಪುಗಳ ಪರಿಚಯ ಹೇಳಬೇಕಾಗಿಲ್ಲ. ಪೂರ್ವ ಬಂಗಾಳದಲ್ಲಿ ನೆಲೆ ಕಳೆದುಕೊಂಡು ಬಂದ ನಿರಾಶ್ರಿತ ಕುಟುಂಬಗಳಿಗೆ ಸರ್ಕಾರವು ಪುನರ್ವಸತಿ ಕಲ್ಪಿಸಿದ ಊರುಗಳಿವು. ಅಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮ ಬಳಕೆಯ ಭಕ್ತರ ಮನೆಯೊಂದಿದೆ. ಪುರಾಣ ಪ್ರವಚನಕ್ಕೆಂದು ಆ ಭಾಗಕ್ಕೆ ಹೋದಾಗ ನಾನು ಅಲ್ಲಿಯೇ ಇಳಿದುಕೊಳ್ಳುವುದು ವಾಡಿಕೆ. ಮನೆಯ ತಾಯಿಯವರು ಕೌದಿ ಹೊಲಿಯುವುದರಲ್ಲಿ ನಿಪುಣರು. ಹಿಂದಿನ ಹೊಲದ ಬಂಗಾಳಿ ಮನೆಯ ಹೆಣ್ಣುಮಗಳೂ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಹೊಲಿಯುವವಳೇ. ನಮ್ಮವರು ಕೌದಿ ಎಂದರೆ ಅವರು ಕಾಂಥಾ ಎನ್ನುತ್ತಾರೆ. ಇಬ್ಬರೂ ಮಧ್ಯಾಹ್ನದ ಹೊತ್ತು ಒಂದೇ ಕಟ್ಟೆಯ ಮೇಲೆ ಕುಳಿತು ಸೂಜಿ ಆಡಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕೆಲವು ವರ್ಷಗಳ ಹಿಂದೆ, ಭತ್ತದ ನಾಟಿಯ ಕಾಲ. ಮುಂಜಾನೆ ಆರು ಗಂಟೆಯ ಸುಮಾರಿಗೆ ಮನೆಯ ಯಜಮಾನರು ಪೂಜೆಗೆ ಕುಳಿತಿದ್ದರು. ಪಕ್ಕದಲ್ಲಿಯೇ ನಾನೂ ಕುಳಿತಿದ್ದೆ. ಅವರ ಬಲಗೈಯೊಳಗಿನ ಬಿಲ್ವಪತ್ರಿ ಕೆಳಗೆ ಬಿದ್ದಿತು. ಎತ್ತಲು ಹೋದರು, ಬೆರಳು ಮಡಿಚಲಿಲ್ಲ. ಬಾಯಿಯ ಬಲಗಡೆಯ ತುದಿ ಜೋತುಬಿದ್ದಿತ್ತು. ಆದರೆ ಆಶ್ಚರ್ಯವೆಂದರೆ ಎಡ ಅಂಗೈ ಮೊದಲಿನಂತೆಯೇ ಸ್ಥಿರವಾಗಿತ್ತು. ಅವರು ತೊದಲುತ್ತ ನುಡಿದರು: "ಶಾಸ್ತ್ರಿಗಳ, ಕೈಗೆ ಹೇಳ್ತೀನ್ರಿ, ಕೈ ಕೇಳವಲ್ದು."

ಮಗ ಗಾಬರಿಯಿಂದ ಓಡಿಬಂದ. "ಏನ್ ಮಾಡೂಣ್ರಿ ಶಾಸ್ತ್ರಿಗಳ, ದವಾಖಾನಿಗೆ ಒಯ್ಯೂಣೇನ್ರಿ?" ಎಂದು ನನ್ನನ್ನೇ ಕೇಳಿದ. ಹಿರಿಯನೆಂದು, ಓದಿದವನೆಂದು ಕೇಳಿದ. ನಾನು ಹೇಳಿದೆ: "ವಾತದ ಬಾಧೆ ಕಾಣ್ತದಪ್ಪಾ. ಎಣ್ಣಿ ಕಾಸಿ ನೀವ್ರಿ, ಒಂದಿನ ಮಲಗಿರಲಿ, ನಾಳೆ ನೋಡೂಣು." ಅವರು ಹಾಗೆಯೇ ಮಾಡಿದರು. ಸಾಯಂಕಾಲ ಹಿಂದಿನ ಹೊಲದ ಬಂಗಾಳಿ ತರುಣನು ವಿಷಯ ತಿಳಿದು ಬಂದವನು, "ಕಾಕಾಗ ಈಗಲೇ ಒಯ್ಯಬೇಕಿತ್ರಿ" ಎಂದು ಪೇಚಾಡಿದ. ಅವನ ಮನೆಯಲ್ಲಿಯೂ ಹಿಂದೆ ಹೀಗೆಯೇ ಆಗಿತ್ತಂತೆ. ಆದರೂ ರಾತ್ರಿ ಕಳೆದು ಮರುದಿನ ಬೆಳಗಿಗೇ ಅವನ ವಾಹನದಲ್ಲಿ ಹೊರಟೆವು.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ ಇದು: "ಎಷ್ಟು ಗಂಟೆಗೆ ಆಯಿತು?" ಮಗನು "ನಿನ್ನೆ ಮುಂಜಾನೆ ಆರಕ್ರಿ" ಎಂದ. ಬರೆಯುತ್ತಿದ್ದ ವೈದ್ಯರು ಲೇಖನಿಯನ್ನು ಕೆಳಗಿಟ್ಟರು. ಅವರು ಸಿಟ್ಟಾಗಲಿಲ್ಲ. ಆಗಲೇ ಬಂದಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಕೊಡಬಹುದಾಗಿತ್ತೇನೋ, ಈಗ ಆ ಕಾಲ ಮೀರಿತು ಎಂದಷ್ಟೇ ಹೇಳಿದರು. ನಾನು ತಲೆ ತಗ್ಗಿಸಿದೆ. ಆ ಮನೆಯವರು ಇಂದಿನವರೆಗೂ ಈ ಬಗ್ಗೆ ನನಗೆ ಒಂದು ಮಾತನ್ನೂ ಆಡಿಲ್ಲ. ಅದೇ ನನಗೆ ಹೆಚ್ಚಿನ ಭಾರವಾಗಿದೆ.

ಸ್ವಲ್ಪ ಹೊತ್ತಿನ ಮೇಲೆ ನಾನು ವೈದ್ಯರನ್ನು ಕೇಳಿದೆ: ಬಲಗೈ ಬಿದ್ದಾಗ ಎಡಗೈ ಹೇಗೆ ಅಲುಗದೆ ನಿಂತಿತು? ಅವರು ಒಂದು ಕಾಗದದ ಹಿಂಬದಿಯಲ್ಲಿ ಮೆದುಳಿನ ಚಿತ್ರವನ್ನು ಗೀಚಿ ತೋರಿಸಿದರು. ಅಂದಿನಿಂದ ನಾನು ಓದಿ, ಕೇಳಿ, ತಿಳಿದುಕೊಂಡುದನ್ನು ಇಲ್ಲಿ ನಮ್ಮ ಕುಟುಂಬಗಳ ಮುಂದಿಡುತ್ತಿದ್ದೇನೆ.

ತಲೆಯೊಳಗಿನ ಒಂದು ಪಟ್ಟಿ

ವಯಸ್ಕ ಮನುಷ್ಯನ ಮೆದುಳು ಸುಮಾರು ೧೩೦೦ರಿಂದ ೧೪೦೦ ಗ್ರಾಂ ತೂಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೆದುಳಿನ ವಸ್ತುಸಂಗ್ರಹಾಲಯವೊಂದಿದೆ. ಸಂರಕ್ಷಿಸಿಟ್ಟ ನಿಜವಾದ ಮೆದುಳುಗಳನ್ನು ಅಲ್ಲಿ ಸಾಮಾನ್ಯರೂ ಕಾಣಬಹುದು. ಹೊರನೋಟಕ್ಕೆ ಅದು ಅಕ್ರೋಟಿನ ತಿರುಳಿನಂತೆ ಎರಡು ಹೋಳಾಗಿ, ಮಡಿಕೆ ಮಡಿಕೆಯಾಗಿ ಇದೆ. ಈ ಮಡಿಕೆಗಳ ಹೊರಪದರಕ್ಕೆ ವಲ್ಕ, ಅಂದರೆ ತೊಗಟೆ ಎಂದು ಹೆಸರು. ಒಂದು ಕಿವಿಯಿಂದ ನೆತ್ತಿಯ ಮೇಲೆ ಹಾಯ್ದು ಇನ್ನೊಂದು ಕಿವಿಯವರೆಗೆ ಒಂದು ಪಟ್ಟಿಯನ್ನು ಕಟ್ಟಿದ್ದೇವೆಂದು ಭಾವಿಸಿರಿ. ಸರಿಸುಮಾರು ಆ ಪಟ್ಟಿಯ ಕೆಳಗೆ, ಮೆದುಳಿನ ಎರಡೂ ಹೋಳುಗಳಲ್ಲಿ ಒಂದೊಂದು ಆಳವಾದ ಸೀಳು ಇದೆ. ಆ ಸೀಳಿನ ಮುಂಭಾಗದ ಮಡಿಕೆಯೇ ಚಾಲಕ ವಲ್ಕ. ವೈದ್ಯರು ಇದನ್ನು ಮೋಟಾರ್ ಕಾರ್ಟೆಕ್ಸ್ ಎನ್ನುತ್ತಾರೆ. ನಾವು ಬೇಕೆಂದು ಮಾಡುವ ಚಲನೆಗಳ ಆಜ್ಞೆಯು ಮುಖ್ಯವಾಗಿ ಹೊರಡುವುದು ಇಲ್ಲಿಂದ. ಸೀಳಿನ ಹಿಂಬದಿಯ ಮಡಿಕೆಯು ಸ್ಪರ್ಶಜ್ಞಾನಕ್ಕೆ ಮೀಸಲು. ಹೀಗೆ ಮಾಡುವ ಶಕ್ತಿಯೂ ಅರಿಯುವ ಶಕ್ತಿಯೂ ಒಂದೇ ಗೋಡೆಯ ಆಚೆ ಈಚೆ ವಾಸಿಸುತ್ತವೆ.

ಚಾಲಕ ವಲ್ಕದಲ್ಲಿ ಆರು ಪದರಗಳನ್ನು ಎಣಿಸುತ್ತಾರೆ. ಐದನೆಯ ಪದರದಲ್ಲಿ ಗೋಪುರಾಕೃತಿಯ ದೊಡ್ಡ ಜೀವಕೋಶಗಳಿವೆ. ಇವುಗಳಲ್ಲಿ ಅತಿ ದೊಡ್ಡವನ್ನು ೧೮೭೪ರಲ್ಲಿ ಕೀವ್ ನಗರದ ವ್ಲಾದಿಮಿರ್ ಬೆಟ್ಸ್ ಎಂಬ ವಿದ್ವಾಂಸನು ವರ್ಣಿಸಿದ್ದರಿಂದ ಅವಕ್ಕೆ ಬೆಟ್ಸ್ ಕೋಶಗಳೆಂದೇ ಹೆಸರಾಯಿತು. ಕಣ್ಣಿಗೆ ಕಾಣದ ಇಂಥ ಕೋಶವೊಂದರಿಂದ ಹೊರಟ ಎಳೆಯು ಬೆನ್ನುಹುರಿಯ ಕೆಳತುದಿಯವರೆಗೂ ತುಂಡಾಗದೆ ಇಳಿಯಬಲ್ಲದು. ಮೆದುಳಿನ ಪ್ರತಿಯೊಂದು ಹೋಳಿನಿಂದಲೂ ಸುಮಾರು ೧೦ ಲಕ್ಷ ಎಳೆಗಳು ಹೀಗೆ ಇಳಿಯುತ್ತವೆ. ಚಾಲಕ ವಲ್ಕದಿಂದ ಮಾತ್ರವಲ್ಲ, ಅದರ ನೆರೆಯ ಭಾಗಗಳಿಂದಲೂ ಬಂದ ಎಳೆಗಳು ಇವುಗಳಲ್ಲಿ ಸೇರಿರುತ್ತವೆ.

ಈ ದಾರಿಯನ್ನು ತಿಳಿಯಲು ನಮ್ಮ ಸೀಮೆಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆಗಿಂತ ಒಳ್ಳೆಯ ಉದಾಹರಣೆ ಬೇಡ. ಹೊಲಗಾಲುವೆಯಲ್ಲಿ ಹೂಳು ತುಂಬಿದರೆ ಒಬ್ಬನ ಗದ್ದೆ ಒಣಗುತ್ತದೆ. ಮುಖ್ಯ ಕಾಲುವೆಯೇ ಒಡೆದರೆ ಕೆಳಭಾಗದ ರೈತರೆಲ್ಲರ ಬೆಳೆ ಹೋಗುತ್ತದೆ. ಹಾಗೆಯೇ ವಲ್ಕದ ಮೇಲ್ಮೈಯಲ್ಲಿ ಚಿಕ್ಕದೊಂದು ಭಾಗಕ್ಕೆ ರಕ್ತ ನಿಂತರೆ ಕೈ ಮಾತ್ರ ಅಥವಾ ಮುಖ ಮಾತ್ರ ಸೋಲಬಹುದು. ಆದರೆ ಎಳೆಗಳೆಲ್ಲ ಮೆದುಳಿನ ಆಳದ ಇಕ್ಕಟ್ಟಾದ ಒಂದು ಕಣಿವೆಯಲ್ಲಿ ಒತ್ತೊತ್ತಾಗಿ ಇಳಿಯುತ್ತವೆ. ಅಲ್ಲಿ ಹೆಸರುಕಾಳಿನಷ್ಟು ಜಾಗ ಕೆಟ್ಟರೂ ಮುಖ, ಕೈ, ಕಾಲು ಮೂರೂ ಒಮ್ಮೆಲೇ ಬೀಳಬಹುದು.

ಇನ್ನೂ ಕೆಳಗೆ, ಮೆದುಳು ಬೆನ್ನುಹುರಿಗೆ ಕೂಡುವ ಸ್ಥಳದಲ್ಲಿ ಒಂದು ಸೋಜಿಗವಿದೆ. ನೂರಕ್ಕೆ ಸುಮಾರು ೮೫ರಿಂದ ೯೦ ಎಳೆಗಳು ಅಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಆದಕಾರಣ ಬಲಗೈಯನ್ನು ಆಳುವುದು ಎಡ ಮೆದುಳು, ಎಡಗೈಯನ್ನು ಆಳುವುದು ಬಲ ಮೆದುಳು. ಯಜಮಾನರ ಎಡ ಮೆದುಳಿನಲ್ಲಿ ರಕ್ತ ನಿಂತಿತ್ತು. ಬಲಗೈಯ ಪತ್ರಿ ಬಿದ್ದಿತು. ಬಲ ಮೆದುಳು ಕ್ಷೇಮವಾಗಿತ್ತು. ಎಡ ಅಂಗೈ ಸ್ಥಿರವಾಗಿ ನಿಂತಿತು. ನನ್ನ ಪ್ರಶ್ನೆಗೆ ವೈದ್ಯರು ಕೊಟ್ಟ ಉತ್ತರ ಇದೇ.

ದಾಟಿದ ಎಳೆಯು ಬೆನ್ನುಹುರಿಯೊಳಗೆ ಇನ್ನೊಂದು ನರಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ. ಆ ಕೋಶದ ಎಳೆಯು ಸ್ನಾಯುವನ್ನು ತಲುಪಿ ಅಸಿಟೈಲ್‌ಕೋಲಿನ್ ಎಂಬ ರಸವನ್ನು ಒಸರುತ್ತದೆ. ಸ್ನಾಯು ಬಿಗಿಯುತ್ತದೆ, ಬೆರಳು ಮಡಿಚುತ್ತದೆ. ಇದಿಷ್ಟೂ ನಡೆಯಲು ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಕಿಲ್ಲ.

ನಕ್ಷೆಯನ್ನು ಕಂಡವರು

ಇದೆಲ್ಲವೂ ಒಬ್ಬರಿಂದ ತಿಳಿದುಬಂದುದಲ್ಲ. ಇಂಗ್ಲೆಂಡಿನ ವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ ೧೮೬೦ರ ದಶಕದಲ್ಲಿ ಮೂರ್ಛೆರೋಗಿಗಳನ್ನು ತಾಳ್ಮೆಯಿಂದ ಗಮನಿಸಿದರು. ಕೆಲವರಲ್ಲಿ ಸೆಳೆತವು ಹೆಬ್ಬೆರಳಿನಲ್ಲಿ ಹುಟ್ಟಿ, ಮುಂಗೈಗೆ, ತೋಳಿಗೆ, ಮುಖಕ್ಕೆ ಕ್ರಮವಾಗಿ ಹಬ್ಬುತ್ತಿತ್ತು. ಹೊರಗೆ ಕ್ರಮವಿದ್ದರೆ ಒಳಗೂ ಕ್ರಮವಿರಬೇಕು, ದೇಹದ ಅಂಗಗಳಿಗೆ ಮೆದುಳಿನಲ್ಲಿ ಒಂದು ಸಾಲಿರಬೇಕು ಎಂದು ಅವರು ತರ್ಕಿಸಿದರು. ೧೮೭೦ರಲ್ಲಿ ಬರ್ಲಿನ್ನಿನ ಫ್ರಿಟ್ಶ್ ಮತ್ತು ಹಿಟ್ಜಿಗ್ ಎಂಬಿಬ್ಬರು ನಾಯಿಯ ಮೆದುಳಿಗೆ ಅತ್ಯಲ್ಪ ವಿದ್ಯುತ್ತನ್ನು ತಾಗಿಸಿ, ಒಂದು ಕಡೆಯ ವಲ್ಕವನ್ನು ಮುಟ್ಟಿದರೆ ಎದುರು ಕಡೆಯ ಕಾಲು ಅಲುಗುವುದನ್ನು ತೋರಿಸಿದರು. ಜಾಕ್ಸನ್ನರ ತರ್ಕಕ್ಕೆ ಪ್ರತ್ಯಕ್ಷ ಪ್ರಮಾಣ ಸಿಕ್ಕಿತು.

ಮನುಷ್ಯನ ನಕ್ಷೆಯನ್ನು ವಿವರವಾಗಿ ಬರೆದ ಕೀರ್ತಿ ಕೆನಡಾ ದೇಶದ ಮಾಂಟ್ರಿಯಲ್ ನಗರದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಅವರದು. ಮೆದುಳಿಗೆ ತನ್ನದೇ ಆದ ನೋವಿನ ಅರಿವಿಲ್ಲ. ಆದುದರಿಂದ ಅವರು ನೆತ್ತಿಯ ಚರ್ಮವನ್ನಷ್ಟೇ ಮರಗಟ್ಟಿಸಿ, ಎಚ್ಚರವಾಗಿರುವ ರೋಗಿಗಳ ಮೆದುಳನ್ನು ಮುಟ್ಟಿ ಪರೀಕ್ಷಿಸುತ್ತಿದ್ದರು. ಬೋಲ್ಡ್ರೇ ಎಂಬವರೊಡನೆ ೧೯೩೭ರಲ್ಲಿ ಪ್ರಕಟಿಸಿದ ಅವರ ನಕ್ಷೆಯಲ್ಲಿ ದೇಹವು ತಲೆಕೆಳಗಾಗಿದೆ. ಪಾದಗಳು ನೆತ್ತಿಯ ಬಳಿ ಎರಡು ಹೋಳುಗಳ ನಡುವಿನ ಸಂದಿಯಲ್ಲಿವೆ, ಕೈ ನಡುವೆ ಇದೆ, ಮುಖ ಮತ್ತು ನಾಲಗೆ ಕಿವಿಯ ಕಡೆಗೆ ಇವೆ.

ಇನ್ನೊಂದು ವಿಶೇಷವಿದೆ. ಈ ನಕ್ಷೆಯಲ್ಲಿ ಅಂಗದ ಗಾತ್ರಕ್ಕೆ ಬೆಲೆಯಿಲ್ಲ, ಅಂಗದ ಕೌಶಲಕ್ಕೆ ಬೆಲೆ. ಅಷ್ಟು ದೊಡ್ಡ ಬೆನ್ನಿಗೆ ದೊರೆತಿರುವುದು ಕಿರಿದಾದ ಜಾಗ. ಬೆರಳುಗಳಿಗೆ, ತುಟಿಗೆ, ನಾಲಗೆಗೆ ವಿಶಾಲವಾದ ಜಾಗ. ಕೌದಿಯ ಸೂಜಿಯನ್ನು ಹಿಡಿದ ಹೆಬ್ಬೆರಳು ತೋರುಬೆರಳುಗಳು ಮೆದುಳಿನಲ್ಲಿ ಇಡೀ ಬೆನ್ನಿಗಿಂತ ದೊಡ್ಡ ಮನೆಯನ್ನು ಕಟ್ಟಿಕೊಂಡಿವೆ. ನಮ್ಮ ಶಾಸ್ತ್ರಗಳು ಕರ್ಮೇಂದ್ರಿಯಗಳನ್ನು ಎಣಿಸುವಾಗ ವಾಕ್ ಮತ್ತು ಪಾಣಿಗಳನ್ನು ಮೊದಲಿಗೆ ಇಡುತ್ತವೆ. ಹಿರಿಯರಿಗೆ ಈ ನಕ್ಷೆ ತಿಳಿದಿತ್ತೆಂದು ನಾನು ಹೇಳಲಾರೆ. ಹಾಗೆ ಹೇಳುವುದು ಸತ್ಯಕ್ಕೂ ಹಿರಿಯರಿಗೂ ಅಪಚಾರ. ಮಾತು ಮತ್ತು ಕೈಗಳೇ ಮನುಷ್ಯನನ್ನು ಮನುಷ್ಯನನ್ನಾಗಿ ಮಾಡಿವೆಯೆಂಬುದನ್ನು ಅವರು ಬಾಳನ್ನು ನೋಡಿ ಕಂಡುಕೊಂಡರು, ಇವರು ಮೆದುಳನ್ನು ನೋಡಿ ಕಂಡುಕೊಂಡರು ಎಂದಷ್ಟೇ ಹೇಳಬಹುದು.

ಈ ನಕ್ಷೆಯೂ ಅಂತಿಮವಲ್ಲ. ಪಾದ, ಕೈ, ಬಾಯಿಗಳ ಜಾಗಗಳ ನಡುನಡುವೆ ಯಾವುದೇ ಒಂದು ಅಂಗಕ್ಕೆ ಸೇರದ ತಾಣಗಳಿವೆಯೆಂದೂ ಅವು ಇಡೀ ದೇಹದ ಕ್ರಿಯೆಯನ್ನು ಯೋಜನೆಯೊಡನೆ ಬೆಸೆಯುತ್ತವೆಯೆಂದೂ ೨೦೨೩ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಜ್ಞಾನಿಗಳು ಪ್ರಕಟಿಸಿದರು.

ಆಜ್ಞೆ ಯಾರದು?

ಪೆನ್‌ಫೀಲ್ಡ್ ಅವರು ವಲ್ಕವನ್ನು ಮುಟ್ಟಿದಾಗ ರೋಗಿಯ ಕೈ ಎದ್ದಿತು. ಆದರೆ ಕೈ ಎತ್ತಿದವನು ತಾನಲ್ಲ, ವೈದ್ಯರೇ ಎತ್ತಿಸಿದರು ಎಂದು ರೋಗಿ ಹೇಳುತ್ತಿದ್ದನು. ಇದು ಚಿಂತನೆಗೆ ಯೋಗ್ಯವಾದ ಸಂಗತಿ. ಚಾಲಕ ವಲ್ಕವು ಆಜ್ಞೆಯನ್ನು ಒಯ್ಯುತ್ತದೆ, ಆದರೆ ಅದೊಂದೇ ಇಚ್ಛೆಯಲ್ಲ. ಅದರ ಮುಂದಿನ ಭಾಗಗಳು ಯಾವ ಚಲನೆ, ಯಾವುದಾದ ಮೇಲೆ ಯಾವುದು ಎಂಬುದನ್ನು ಯೋಜಿಸುತ್ತವೆ. ಮೆದುಳಿನ ಆಳದ ಗಂಟುಗಳು ಬೇಕಾದ ಚಲನೆಗೆ ದಾರಿ ಬಿಟ್ಟು ಬೇಡವಾದುದನ್ನು ತಡೆಯುತ್ತವೆ. ಹಿಂಬದಿಯ ಅನುಮಸ್ತಿಷ್ಕವು ಕಾಲವನ್ನೂ ಅಳತೆಯನ್ನೂ ತಿದ್ದುತ್ತದೆ. ನಾವು ಬೆರಳನ್ನು ಅಲುಗಿಸುವುದಕ್ಕೆ ಸುಮಾರು ಒಂದು ಸೆಕೆಂಡಿನಷ್ಟು ಮೊದಲೇ ಮೆದುಳಿನಲ್ಲಿ ಸಿದ್ಧತೆಯ ವಿದ್ಯುತ್ತು ಏರತೊಡಗುವುದನ್ನು ೧೯೬೫ರಲ್ಲಿ ಜರ್ಮನಿಯ ಕಾರ್ನ್‌ಹ್ಯೂಬರ್ ಮತ್ತು ಡೀಕೆ ತೋರಿಸಿದರು. ಇಚ್ಛೆ ಎಲ್ಲಿ ಹುಟ್ಟುತ್ತದೆ ಎಂಬ ವಾದ ಇನ್ನೂ ಮುಗಿದಿಲ್ಲ.

ಇಚ್ಛೆಯ ದಾರಿ ಒಂದೇ ಅಲ್ಲವೆಂಬುದನ್ನು ಆ ಮನೆಯಲ್ಲಿಯೇ ಕಂಡೆ. "ನಗ್ರಿ" ಎಂದು ವೈದ್ಯರು ಹೇಳಿದಾಗ ಯಜಮಾನರ ಬಾಯಿಯ ಬಲತುದಿ ಏಳಲಿಲ್ಲ. ಮನೆಗೆ ಬಂದ ಮೇಲೆ ಮೊಮ್ಮಗನು ಏನೋ ತುಂಟ ಮಾತಾಡಿದಾಗ ಬಾಯಿ ಎರಡೂ ಕಡೆ ಅರಳಿತು. ಬೇಕೆಂದು ನಗುವ ದಾರಿ ಬೇರೆ, ತಾನಾಗಿ ಬರುವ ನಗೆಯ ದಾರಿ ಬೇರೆ. ಮೊದಲನೆಯದು ಕಡಿದಿದ್ದರೂ ಎರಡನೆಯದು ಉಳಿದಿರಬಲ್ಲದು.

ನಮ್ಮ ರಾಜ್ಯದಲ್ಲಿಯೇ ನಡೆದ ಇನ್ನೊಂದು ಪ್ರಸಂಗ ಅನೇಕರಿಗೆ ನೆನಪಿರಬಹುದು. ೨೦೧೭ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತರುಣನೊಬ್ಬನು ಮೆದುಳಿನ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಗಿಟಾರ್ ನುಡಿಸಿದನು. ಅವನಿಗೆ ಬೆರಳುಗಳಲ್ಲಿ ಶಕ್ತಿಯಿತ್ತು. ಆದರೆ ವಾದ್ಯವನ್ನು ಹಿಡಿದೊಡನೆ ಎಡಗೈಯ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು. ಒಂದೇ ಸೂಕ್ಷ್ಮ ಕೆಲಸವನ್ನು ವರ್ಷಗಟ್ಟಲೆ ಮಾಡುವ ವಾದಕರಿಗೆ ಬರುವ ತೊಂದರೆಯಿದು. ವೈದ್ಯರು ಮೆದುಳಿನ ಆಳದಲ್ಲಿ, ಚಾಲಕ ವಲ್ಕಕ್ಕೆ ಸುದ್ದಿಯನ್ನು ರವಾನಿಸುವ ಥಲಾಮಸ್ ಎಂಬ ಗಂಟಿನಲ್ಲಿ, ತಪ್ಪಾಗಿ ಮಿಡಿಯುತ್ತಿದ್ದ ತಾಣವನ್ನು ಶಾಖದಿಂದ ಸುಟ್ಟರು. ಯಾವ ತಾಣವೆಂದು ತಿಳಿಯಲು ಅವನು ಎಚ್ಚರವಾಗಿದ್ದು ನುಡಿಸುತ್ತಲೇ ಇರಬೇಕಾಗಿತ್ತು. ಬೆರಳುಗಳು ಅಲ್ಲಿಯೇ ಸಡಿಲಗೊಂಡವು. ಯಜಮಾನರ ಕೈಗೆ ಆಜ್ಞೆ ತಲುಪುತ್ತಿರಲಿಲ್ಲ. ಆ ತರುಣನ ಕೈಗೆ ಬೇಡದ ಆಜ್ಞೆ ತಲುಪುತ್ತಿತ್ತು. ಚಲನೆಗೆ ಹೇಗೆ ಪ್ರೇರಣೆ ಬೇಕೋ ಹಾಗೆಯೇ ಸಂಯಮವೂ ಬೇಕು.

ಒಂದು ಗಳಿಗೆಯ ಬೆಲೆ

ಈಗ ಮನೆಮನೆಯವರೂ ತಿಳಿದಿರಬೇಕಾದ ಮಾತಿಗೆ ಬರುತ್ತೇನೆ. ಪಾರ್ಶ್ವವಾಯು, ಲಕ್ವ ಎಂದು ನಾವು ಕರೆಯುವುದು ಗಾಳಿಯ ಬಾಧೆಯಲ್ಲ. ಅದು ಮೆದುಳಿನ ರಕ್ತನಾಳದ ಬಾಧೆ. ಬಹುಪಾಲು ಸಂದರ್ಭಗಳಲ್ಲಿ ನಾಳದೊಳಗೆ ರಕ್ತ ಹೆಪ್ಪುಗಟ್ಟಿರುತ್ತದೆ. ಉಳಿದ ಸಂದರ್ಭಗಳಲ್ಲಿ ನಾಳ ಒಡೆದಿರುತ್ತದೆ. ದೊಡ್ಡ ನಾಳವೊಂದು ಮುಚ್ಚಿದಾಗ ನಿಮಿಷಕ್ಕೆ ಸುಮಾರು ೧೯ ಲಕ್ಷ ನರಕೋಶಗಳು ನಾಶವಾಗುತ್ತವೆಂದು ೨೦೦೬ರಲ್ಲಿ ಲೆಕ್ಕ ಹಾಕಿದ್ದಾರೆ. ನಾನು "ನಾಳೆ ನೋಡೂಣು" ಎಂದ ಆ ಒಂದು ದಿನದಲ್ಲಿ ಎಷ್ಟು ನಿಮಿಷಗಳಿದ್ದವು!

ಮುಖದ ಒಂದು ಬದಿ ಜೋಲುವುದು, ಎರಡೂ ತೋಳುಗಳನ್ನು ಎತ್ತಿ ಹಿಡಿದಾಗ ಒಂದು ಕೆಳಗೆ ಇಳಿಯುವುದು, ಮಾತು ತೊದಲುವುದು, ಈ ಮೂರರಲ್ಲಿ ಯಾವುದೊಂದು ಹಠಾತ್ತಾಗಿ ಕಂಡರೂ ಗಡಿಯಾರವನ್ನು ನೋಡಿ ವೇಳೆಯನ್ನು ಗುರುತು ಹಾಕಿಕೊಳ್ಳಿರಿ. ನಿದ್ರೆಯಿಂದ ಏಳುವಾಗಲೇ ಕಂಡರೆ, ಕೊನೆಗೆ ಎಷ್ಟು ಹೊತ್ತಿಗೆ ಚೆನ್ನಾಗಿದ್ದರೆಂಬುದನ್ನು ನೆನೆಯಿರಿ. ೧೦೮ಕ್ಕೆ ಕರೆ ಮಾಡಿ, ತಲೆಯ ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಒಯ್ಯಿರಿ. ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ, ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ದೊಡ್ಡ ನಾಳದ ಹೆಪ್ಪನ್ನು ತಂತಿಯ ಮೂಲಕ ಹೊರಗೆಳೆಯುವ ಚಿಕಿತ್ಸೆಯನ್ನು ಆಯ್ದ ಕೆಲವರಿಗೆ ೨೪ ಗಂಟೆಗಳವರೆಗೂ ಮಾಡುವುದುಂಟು. ರೋಗಿಯ ಬಾಯಿಗೆ ನೀರನ್ನಾಗಲಿ, ತೀರ್ಥವನ್ನಾಗಲಿ, ಗುಳಿಗೆಯನ್ನಾಗಲಿ ಹಾಕಬೇಡಿರಿ. ನುಂಗುವ ಶಕ್ತಿ ಸೋತಿದ್ದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ನಾಳ ಒಡೆದಿದ್ದರೆ ರಕ್ತವನ್ನು ತೆಳುಮಾಡುವ ಗುಳಿಗೆಯು ವಿಷವಾಗುತ್ತದೆ. ಅದನ್ನು ಸ್ಕ್ಯಾನ್ ಮಾತ್ರ ಹೇಳಬಲ್ಲದು, ನಾಡಿ ಹೇಳಲಾರದು. ಪ್ರಾರ್ಥನೆಯನ್ನು ವಾಹನದಲ್ಲಿ ಕುಳಿತೇ ಮಾಡಬಹುದು.

ಬರದಂತೆ ತಡೆಯುವುದು ಇನ್ನೂ ಮೇಲು. ಏರಿದ ರಕ್ತದೊತ್ತಡವೇ ಇದರ ದೊಡ್ಡ ಕಾರಣ. ಸಕ್ಕರೆ ಕಾಯಿಲೆ, ತಂಬಾಕು ಅದಕ್ಕೆ ಜೊತೆಗಾರರು. ಯಜಮಾನರು ರಕ್ತದೊತ್ತಡದ ಗುಳಿಗೆಯನ್ನು ಮೈಯಲ್ಲಿ ಹಗುರಾಯಿತೆಂದು ತಾವಾಗಿಯೇ ಬಿಟ್ಟಿದ್ದರೆಂಬುದು ಆಮೇಲೆ ತಿಳಿಯಿತು.

ಮತ್ತೆ ಕಲಿಯುವ ಕೈ

ಕಾಲ ಮೀರಿತೆಂದರೆ ಎಲ್ಲವೂ ಮುಗಿಯಿತೆಂದಲ್ಲ. ಮೆದುಳಿನ ನಕ್ಷೆ ಕಲ್ಲಿನ ಶಾಸನವಲ್ಲ, ಬಳಕೆಯಿಂದ ಬದಲಾಗುವ ಪಟ. ಬೆರಳುಗಳಿಗೆ ಸೂಕ್ಷ್ಮ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿದರೆ, ಪೆಟ್ಟು ತಿಂದ ಜಾಗದ ಸುತ್ತ ಉಳಿದಿರುವ ವಲ್ಕವು ಕೈಗೆ ಸೇರಿದ ಜಾಗವನ್ನು ಕಾಪಾಡಿಕೊಳ್ಳುತ್ತದೆಯೆಂದು ೧೯೯೬ರಲ್ಲಿ ಅಮೆರಿಕದ ರ‍್ಯಾಂಡಾಲ್ಫ್ ನುಡೋ ಮತ್ತು ಸಂಗಡಿಗರು ಕೋತಿಗಳಲ್ಲಿ ತೋರಿಸಿದರು. ಬಳಸದೆ ಬಿಟ್ಟರೆ ಆ ಜಾಗವೂ ಕುಗ್ಗುತ್ತದೆ. ಇದೇ ತತ್ತ್ವದ ಮೇಲೆ ಎಡ್ವರ್ಡ್ ಟಾಬ್ ಎಂಬವರು ಒಂದು ಸಾಧನೆಯನ್ನು ರೂಪಿಸಿದರು. ಅದರಲ್ಲಿ ಚೆನ್ನಾಗಿರುವ ಕೈಗೆ ದಿನದ ಬಹುಹೊತ್ತು ಚೀಲ ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುತ್ತಾರೆ. ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದವರಿಗೆ ಇದರಿಂದ ಲಾಭವುಂಟೆಂದು ೨೦೦೬ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ಸಿದ್ಧಪಡಿಸಿತು.

ಆ ಮನೆಯಲ್ಲಿ ಮೊದಮೊದಲು ಎಲ್ಲರೂ ಪ್ರೀತಿಯಿಂದಲೇ ತಪ್ಪು ಮಾಡುತ್ತಿದ್ದರು. ಸೊಸೆ ತುತ್ತು ಮಾಡಿ ಉಣ್ಣಿಸುವಳು, ಮಗ ಅಂಗಿ ತೊಡಿಸುವನು. ವ್ಯಾಯಾಮ ಕಲಿಸಲು ಬಂದ ತರುಣಿಯು, "ಸೇವಾ ಮಾಡ್ರಿ, ಆದರ ಅವರ ಕೆಲಸಾ ಕಸ್ಕೋಬ್ಯಾಡ್ರಿ" ಎಂದಳು. ಕಾಯಕದ ಬಗೆಗೆ ನಾನು ಮಾಡಿದ ಎಷ್ಟೋ ಪ್ರವಚನಗಳಿಗಿಂತ ಆ ಒಂದು ಮಾತು ತೂಕದ್ದು. ಅಂದಿನಿಂದ ಬಟ್ಟಲೊಳಗಿನ ಕಡಲೆಯನ್ನು ಒಂದೊಂದಾಗಿ ಎತ್ತಿಡುವುದು ಅವರ ನಿತ್ಯದ ಕೆಲಸವಾಯಿತು. ಮನೆಯ ತಾಯಿಯವರೂ ಬಂಗಾಳಿ ಹೆಣ್ಣುಮಗಳೂ ಕಟ್ಟೆಯ ಮೇಲೆ ತಮ್ಮ ನಡುವೆ ಅವರನ್ನು ಕೂರಿಸಿಕೊಂಡು, ಕೌದಿಯ ತುಂಡುಬಟ್ಟೆಗಳನ್ನು ಬಿಡಿಸಿ ಮಡಿಚುವ ಕೆಲಸ ಕೊಟ್ಟರು. ಮೊದಲು ಭುಜ ಏಳಿತು, ಆಮೇಲೆ ಮೊಳಕೈ ಮಡಿಚಿತು. ಬೆರಳುಗಳು ಎಲ್ಲಕ್ಕಿಂತ ತಡವಾಗಿ, ಅರೆಬರೆಯಾಗಿ ಬಂದವು.

ಕಳೆದ ಸಲ ಹೋದಾಗ ಅವರೊಡನೆ ಪೂಜೆಗೆ ಕುಳಿತೆ. ಅವರ ಎಡ ಅಂಗೈ ಮೊದಲಿನಂತೆ ನಿಶ್ಚಲವಾಗಿತ್ತು. ಬಲಗೈ ನಡುಗುತ್ತ ವಿಭೂತಿಯತ್ತ ಸಾಗಿತು. ಹಣೆಯ ಮೇಲೆ ಮೂಡಿದ ಮೂರು ರೇಖೆಗಳಲ್ಲಿ ಒಂದು ಸೊಟ್ಟಗಾಗಿತ್ತು. ಸೊಸೆ ಒರೆಸಿ ತಿದ್ದಲು ಬಂದಳು. ಅವರು ತಲೆಯಲ್ಲಾಡಿಸಿ, "ಇರಲಿ ಬಿಡವ್ವಾ, ನನ್ನ ಕೈಲೇ ಹಚ್ಚೀನಿ" ಎಂದರು.

ಆ ಮುಂಜಾನೆ ನಾನು ಬೇರೆ ಮಾತು ಹೇಳಿದ್ದರೆ ಆ ರೇಖೆ ನೆಟ್ಟಗಿರುತ್ತಿತ್ತೋ ಏನೋ, ಬಲ್ಲವರಾರು? ಈಗ ನಾನು ಎಲ್ಲಿ ಪ್ರವಚನಕ್ಕೆ ಹೋದರೂ ಮಂಗಲಕ್ಕೆ ಮುನ್ನ ಐದು ನಿಮಿಷ ಈ ವಿಷಯಕ್ಕೆ ಮೀಸಲಿಡುತ್ತೇನೆ. ಮುಖ, ತೋಳು, ಮಾತು, ವೇಳೆ ಎಂಬ ನಾಲ್ಕು ಪದಗಳನ್ನು ಭಕ್ತರಿಂದ ಗಟ್ಟಿಯಾಗಿ ಹೇಳಿಸುತ್ತೇನೆ. ತಾವೂ ತಮ್ಮ ಮನೆಯ ಮಕ್ಕಳಿಂದ ಒಮ್ಮೆ ಹೇಳಿಸಿರಿ.